ಕೆಳಗ ಇಳೀಲಾರದ ಗೊಂಬಿ

ಇದನ್ನ ಓದಿ ನೀವು ನಂಬಿದ್ರ ನಾ ನನ್ನ ಎರಡೂ ಜಡಿ ಕೊಯ್ಕೊಂಡ ಕೊಡ್ತೇನಿ. ನಂಬೂದಿಲ್ಲ ಅಂತ ಗೊತ್ತೈತಿ, ಅದಕ್ಕ ಜಡಿಗೆ ಏನೂ ಧೋಕಾ ಇಲ್ಲ. ನನ್ನ ಮಾತಿನ್ಯಾಗ ನಾಕಾಣೆ ಖರೆ, ಹನ್ನೆರಡಾಣೆ ಒಗ್ಗರಣಿ ಅಂತ ನಮ್ಮ ಓಣಿ ನಾಯಿಗೂ ಗೊತ್ತು. ಆದ್ರ ಗೊಂಬಿ ಕೆಳಗ ಇಳೀಲಿಲ್ಲ ಅನ್ನೋದು ಹದಿನಾರಾಣೆ ಖರೆ.

ಹೋದ ವರ್ಷದ ಮಾತು. ರಶಿಯಾದವ್ರು ಮನಶಾನ್ನ ಆಕಾಶಕ್ಕ ಹಾರಿಸಿ ಇಳಿಸಿಕೊಂಡ ಸುದ್ದಿ ಗೋಕಾಕದಾಗ ಹಳೇದಾಗಿತ್ತು. ನಮ್ಮ ವಿಜ್ಞಾನದ ಮಾಸ್ತರಿಗೆ ಮಾತ್ರ ಅದರ ಹುಚ್ಚ ಇಳಿದಿದ್ದಿಲ್ಲ. ಅವರು ಹುಕ್ಕೇರಿಯವರು. ಸೋಮವಾರ ಮುಂಜಾನೆ ಬಸ್ಸಿಳಿದ ಬಂದ್ರ ಅವರ ತಲ್ಯಾಗಿನ ಧೂಳಿನ್ಯಾಗ ಎರಡ ಸೇರ ಜ್ವಾಳ ಬಿತ್ತಬಹುದಿತ್ತು. ಪುಸ್ತಕ ತೆಗಿ ಅಂತ ಅವರ ಬಾಯಾಗ ಎಂದೂ ಬರ್ಲಿಲ್ಲ.

ನಮ್ಮಪ್ಪ ಗೊಂಬಿ ಮಾಡಾಂವ, ಕಟಗಿ ಹಣ್ಣ ಮಾಡಾಂವ. ಅಪ್ಪ ಮಾಡಿದ ಬಾಳಿಹಣ್ಣ ನೋಡಿ ಮಂಗ್ಯಾ ಕಡದ ಹಲ್ಲ ಮುರಕೊಂಡೈತಿ. ಮಾಸ್ತರು ನಮ್ಮ ಮನಿಗೆ ಬಂದ ಒಂದ ಕಟಗಿ ಕುಂಬಳಕಾಯಿ, ಒಂದ ನಿಂಬಿಹಣ್ಣ, ಒಂದ ಬಾರಿಹಣ್ಣ ಕೇಳಿ ಒಯ್ದ್ರು. ಕುಂಬಳಕಾಯಿ ಸಾಲಿ ಅಂಗಳದಾಗ ಇಟ್ಟು, "ಇದು ಸೂರ್ಯ" ಅಂದ್ರು. ನನ್ನ ಅಂಗೈಯಾಗ ಒಂದ ಸಾಸಿವಿ ಕಾಳ ಇಟ್ಟು, "ಇದು ಭೂಮಿ. ನಲವತ್ತ ಹೆಜ್ಜಿ ಹೋಗಿ ನಿಂದರು" ಅಂದ್ರು. ನಿಂಬಿಹಣ್ಣ ಹಿಡಕೊಂಡ ಹುಡುಗ ಗುರುಗ್ರಹ, ಅಂವ ಗೇಟ ದಾಟಿದ. ಬಾರಿಹಣ್ಣ ಹಿಡಕೊಂಡ ಶನಿ ಎಷ್ಟ ದೂರ ಹೋದ ಅಂದ್ರ, ಅವರ ಮನಿನs ಬಂತು. ಅಂವ ಉಂಡು, ಮಕ್ಕೊಂಡು, ಮೂರು ಗಂಟೆಕ್ಕ ತಿರುಗಿ ಬಂದ. ನಾ ಅಲ್ಲೇ ಭೂಮಿ ಹಿಡಕೊಂಡ ಸೀನಿದ್ನಿ. ಭೂಮಿ ಹೋತು.

ಆಮ್ಯಾಲ ಪ್ಯಾರಾಶೂಟಿನ ಪಾಠ. ಹಳೇ ಧೋತ್ರದ ತುಂಡು, ನಾಕ ಮೂಲಿಗೆ ನಾಕ ದಾರ, ನಡುವ ಒಂದ ತೂತು. "ಗಾಳಿಗೂ ಹೋಗಾಕ ದಾರಿ ಬೇಕು, ಇಲ್ಲಂದ್ರ ಅದು ಜೋಲಿ ಹೊಡಸತೈತಿ" ಅಂದ್ರು ಮಾಸ್ತರು. ಅದರಾಗ ಒಬ್ಬ ಪ್ರಯಾಣಿಕ ಇರಬೇಕು. ಶುಕ್ರವಾರ ಸಾಲಿ ಮಾಳಗಿ ಮ್ಯಾಲಿಂದ ಬಿಡೋದು, ಎಲ್ಲಾರೂ ಕೂಡಿ ಎಣಿಸೋದು. ಯಾರ ಪ್ರಯಾಣಿಕ ಭಾಳ ಹೊತ್ತ ತಗೊಂಡು, ಪೆಟ್ಟಾಗದs ಇಳಿತಾನೋ ಅವರು ಇನ್ಸ್‌ಪೆಕ್ಟರ್ ಸಾಹೇಬ್ರ ಮುಂದ ಮಾಡಿ ತೋರಸಬೇಕು.

ಸಾಹೇಬ್ರ ಮುಂದ ನಿಂದರೋದು ನಾನs ಅಂತ ನಾ ಅವತ್ತs ಠರಾವ್ ಮಾಡಿದ್ನಿ. ಆದ್ರ ಹಗೂರ ಪ್ರಯಾಣಿಕ ಬೇಕಲ್ಲ. ಅಂಥಾದ್ದ ಒಂದ ನಮ್ಮ ಮನ್ಯಾಗ ಇತ್ತು.

ನನ್ನ ತಂಗಿ ಜ್ವರದಾಗ ಹೋಗಿ ಎರಡ ವರ್ಷ ಆಗಿತ್ತು. ಆಕಿ ಹೋದ ಮ್ಯಾಲ ಅಪ್ಪ ಆಕೀದೊಂದ ಗೊಂಬಿ ಕೆತ್ತಿದ. ಗಲ್ಲ, ರಿಬ್ಬನ್ನು, ಮುಂದಿನ ಮುರುಕ ಹಲ್ಲು ಸೈತ. ಕಣ್ಣ ಮಾತ್ರ ಇಡಲಿಲ್ಲ. ನಮ್ಮ ಮನಿ ರಿವಾಜ ಏನಂದ್ರ, ಕಣ್ಣ ಇಡೋದು ಕಟ್ಟಕಡೀಕ. ಕಣ್ಣ ಇಟ್ಟ ಗೊಂಬಿ ಮನ್ಯಾಗ ಇಟ್ಕೊಳ್ಳೂ ಹಂಗಿಲ್ಲ, ಹೊರಗ ಹೋಗಬೇಕು. ಅದಕ್ಕ ಈ ಗೊಂಬಿ ಕಣ್ಣಿಲ್ಲದs ಗೋಡಿ ಮಾಡದಾಗ ಕುಂತಿತ್ತು. ಅಪ್ಪ ದಿನಾ ಮುಂಜಾನೆ ಅದನ್ನ ಒರಸಿ, ಆಮ್ಯಾಲ ಉಳಿ ಹಿಡೀತಿದ್ದ. ಅವ್ವ ಆ ಮಾಡದ ಕಡೆ ನೋಡೋದs ಬಿಟ್ಟಿದ್ಲು.

ಬುಧವಾರ ಅಪ್ಪ ಮಾಲ ತಗೊಂಡ ಹುಕ್ಕೇರಿಗೆ ಹೋದ. ಬರೋದು ಶನಿವಾರ. ಗುರುವಾರ ನಾ ಗೊಂಬಿ ಪಾಟಿಚೀಲದಾಗ ಹಾಕ್ಕೊಂಡ ಸಾಲಿಗೆ ಹೋದ್ನಿ. ಮೂಡಲಗಿಯಿಂದ ಬಂದು ಅತ್ತಿ ಮನ್ಯಾಗಿದ್ದ ಒಬ್ಬ ಹುಡುಗ ಇದ್ದ, ಅವನ ಕಿವಿ ಎಷ್ಟ ಅಗಲ ಅಂದ್ರ ಅವಗ ಪ್ಯಾರಾಶೂಟs ಬೇಕಾಗಿದ್ದಿಲ್ಲ. ಅಂವ ಬದನಿಕಾಯಿಗೆ ಕಡ್ಡಿಕಾಲ ಚುಚ್ಚಿ ತಂದಿದ್ದ.

"ಯವ್ವಾ, ನಿಂದ ಕುರುಡ ಪ್ರಯಾಣಿಕ" ಅಂದ. "ಮ್ಯಾಲ ಹೋಗಿ ಏನ ನೋಡ್ತೈತಿ?"

"ನಿನ್ನ ಬದನಿಕಾಯಿ ಏನ ನೋಡ್ತೈತಿ?"

"ಅದು ಕೆಳಗ ಬಂದ್ರ ಎಣಗಾಯಿ ಆಗತೈತಿ. ನಿಂದ ಅದಕ್ಕೂ ಇಲ್ಲ."

ಎಲ್ಲಾರೂ ನಕ್ರು. ನನ್ನ ನೋಡಿ ನಗೋದಂದ್ರ ನಂಗ ಆಗಿ ಬರೂದಿಲ್ಲ. ನಾ ಹೇಳಿದಾಗ ಅಷ್ಟ ನಗಬೇಕು.

ಸಂಜೀಕ ಅವ್ವ ನೀರಿಗೆ ಹೋದಾಗ ಆಕಿ ಕಾಡಿಗಿ ಡಬ್ಬಿ ತಗೊಂಡು ಕಣ್ಣ ಇಟ್ನಿ. ಕಾಡಿಗಿ ಅಲ್ಲೇನು, ಒದ್ದಿ ಅರಬಿಲೆ ಒರಸಿದ್ರ ಹೋಗತೈತಿ. ಶನಿವಾರದೊಳಗ ಒರಸಿ ಮಾಡದಾಗ ಇಟ್ರ ಅಪ್ಪಗ ಹೆಂಗ ಗೊತ್ತಾದೀತು? ಗೊಂಬೀನ ಗೋಡಿ ಕಡೆ ಮುಖ ಮಾಡಿ ಕುಂಡ್ರಿಸಿ, ನೀರ ಕುಡದ ಬಂದ್ನಿ. ಅದು ನನ್ನ ಕಡೆ ತಿರುಗಿತ್ತು. ಹಲ್ಲಿ ಹಾಯ್ದು ತಿರುಗಿಸಿರಬೇಕು. ಆದ್ರ ಅಷ್ಟ ದೊಡ್ಡ ಹಲ್ಲಿ ನಮ್ಮ ಮನ್ಯಾಗಿಲ್ಲ.

ಇಲ್ಲಿ ಒಂದ ಮಾತ ಹೇಳಬೇಕು, ಇದರಾಗ ಒಗ್ಗರಣಿ ಇಲ್ಲ. ತಂಗಿ ಇದ್ದಾಗ ದಿನಾ ಹೊಸ್ತಿಲಕ್ಕ ಕುಂತು, "ಅಕ್ಕಾ, ನಾನೂ ಸಾಲಿಗೆ ಬರ್ತೇನಿ" ಅಂತಿದ್ಲು. "ಕಣ್ಣ ಮುಚ್ಚಿ ಹತ್ತ ಎಣಿಸು, ಕರಕೊಂಡ ಹೋಗ್ತೇನಿ" ಅಂತ ಹೇಳಿ ನಾ ಓಡಿ ಹೋಗ್ತಿದ್ನಿ. ಆಕಿಗೆ ಏಳರ ಮುಂದ ಬರ್ತಿದ್ದಿಲ್ಲ. ಓಣಿ ತಿರುವಿನ ತನಕ ಕೇಳತಿತ್ತು: ಏಳು, ಏಳು, ಏಳು.

ಶುಕ್ರವಾರ ಮಧ್ಯಾಹ್ನ. ಬದನಿಕಾಯಿ ಆರಕ್ಕ ಇಳೀತು, ಒಂದ ಕಾಲ ಮುರೀತು. ನಾ ಮಾಳಗಿ ತುದೀಲಿ ನಿಂತು, ಕೈ ಎತ್ತಿ, ಸಾಹೇಬ್ರ ಮುಂದ ಮಾಡೂ ಹಂಗ ಒಂದ ನಮಸ್ಕಾರ ಮಾಡಿ ಬಿಟ್ನಿ.

ಎಲ್ಲಾರೂ ಎಣಿಸಾಕತ್ರು. ಧೋತ್ರ ಉಬ್ಬಿತು. ಮೂರಕ್ಕ ಸ್ವಲ್ಪ ಇಳೀತು. ನಾಕಕ್ಕ ನಿಂತಿತು. ಐದಕ್ಕ ಮ್ಯಾಲ ಏರಿ ನನ್ನ ಕಾಲಿನ ಮಟ್ಟಕ್ಕ ಬಂತು, ಏಳಕ್ಕ ನನ್ನ ಮುಖದ ಮುಂದ ಬಂತು. ಬಂದು ಅಲ್ಲೇ ನಿಂತು, ತಿರುಗಿ ನನ್ನ ನೋಡಿತು.

"ಪಡಸಾಲಿ ಮ್ಯಾಲಿನ ತಗಡಿನ ಪತ್ರಾಸ ಕಾದೈತಿ" ಅಂತ ಕೆಳಗಿಂದ ಮಾಸ್ತರು ಹೇಳಿದ್ರು. ಖುಶಿಲೆ ಒಂದ ಸಲ ಜಿಗದ್ರು. "ಕಾದ ಗಾಳಿ ಮ್ಯಾಲ ಏರತೈತಿ. ಅದು ಎತ್ತಾಕತ್ತೈತಿ. ನೋಡ್ರಿ, ನೋಡ್ರಿ."

ಖರೆ ಇರಬೇಕು. ಹುಡುಗ್ರು ಹತ್ತ ದಾಟಿಸಿ, ಹದಿನೈದಕ್ಕ ಸುಮ್ಮನಾದ್ರು. ನಂಗ ಮಾತ್ರ ಒಂದ ಸಣ್ಣ ದನಿ ಎಣಿಸೋದು ಕೇಳತಿತ್ತು. ಏಳು, ಏಳು. ಮೂಡಲಗಿ ಹುಡುಗನs ಇರಬೇಕಂತ ಕೆಳಗ ನೋಡಿದ್ನಿ. ಅಂವ ಬಾಯಿ ತಕ್ಕೊಂಡ ನಿಂತಿದ್ದ, ತುಟಿ ಅಲ್ಲಾಡತಿದ್ದಿಲ್ಲ.

ಅವನ ಹಿಂದ ಗೇಟಿನ್ಯಾಗ ಅಪ್ಪ ಬರಾಕತ್ತಿದ್ದ. ಹುಕ್ಕೇರಿ ಸಾವಕಾರ್ರು ಮಾಸ್ತರು ಒಯ್ದಿದ್ದ ಕುಂಬಳಕಾಯೀನೂ ಬೇಕಂದಿದ್ರಂತ, ಅದಕ್ಕ ಒಂದ ದಿನ ಮೊದಲs ಬಸ್ಸಿಳಿದ ಸೀದಾ ಸಾಲಿಗೆ ಬಂದಿದ್ದ. ಎಲ್ಲಾರೂ ಮ್ಯಾಲ ನೋಡೋದ ಕಂಡು ಅವನೂ ಮ್ಯಾಲ ನೋಡಿದ.

ಆವಾಗ ಅದು ಇಳೀತು. ಗಾಳಿ ಸತ್ತಿತ್ತು ಅಂತಾರ ಮಾಸ್ತರು. ಅಪ್ಪ ಎರಡೂ ಕೈ ಚಾಚಿದ, ಗೊಂಬಿ ನಡದ ಬಂದ್ಹಂಗ ಬಂದು ಕೈಯಾಗ ಕುಂತಿತು.

ನಾ ಮೆಟ್ಟಿಲ ಇಳಿದ ಬರೂದ್ರಾಗ ಅಂವ ದಾರ ಬಿಚ್ಚಿದ್ದ. ಬೈತಾನ, ಬಡಿತಾನ ಅಂತ ಕಾದ್ನಿ. ಬಡದಿದ್ರ ಈ ಕತಿ ನಗಿಸೂ ಹಂಗ ಮುಗಿಸ್ತಿದ್ನಿ.

"ಒರಸಿದ್ರ ಹೋಗತೈತೆಪ್ಪಾ" ಅಂದ್ನಿ. "ಬರೇ ಕಾಡಿಗಿ."

ಅಪ್ಪ ಹೆಬ್ಬಟ್ಟ ಎತ್ತಿದ, ಕಣ್ಣಿನ ಹತ್ರ ತಂದ, ಒರಸಲಿಲ್ಲ.

"ಆಕಿ ಎಡಗಣ್ಣ ಒಂಚೂರು ಸಣ್ಣದಿತ್ತು" ಅಂದ.

ಗೊಂಬೀನ ನನ್ನ ಕೈಯಾಗ ಕೊಟ್ಟ.

"ಕಣ್ಣ ಇಟ್ಟೀಯಲ್ಲ, ಇನ್ನ ಮನಿಗೆ ತರಬ್ಯಾಡ."

ಹೊಳ್ಳಿ ಹೋದ. ಕುಂಬಳಕಾಯಿ ಅಂಗಳದಾಗs ಉಳೀತು.