ದೇಸಪ್ಪನ ಮೂರನೆಯ ಸರದಿ

ಸರೋವರದ ದಡದ ಪಳವೇರ್ಕಾಡಿನ ದೇಸಪ್ಪನಿಗೆ ಅರವತ್ತೊಂದು ತುಂಬಿತು, ಇವತ್ತಿನವರೆಗೆ ಒಂದೇ ಒಂದು ರಾಕೆಟ್ಟನ್ನೂ ಅವನು ಕಣ್ಣೆತ್ತಿ ನೋಡಿಲ್ಲ. ಊರಿಗೆ ಊರೇ ಮರಳ ದಿಬ್ಬ ಹತ್ತಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಇವನು ಬೇಕೆಂದೇ ದಕ್ಷಿಣಕ್ಕೆ ತಿರುಗಿ ಬೀಡಿ ಹಚ್ಚುತ್ತಾನೆ. ನೆಲ ಅದುರುತ್ತದೆ, ಅಡುಗೆಮನೆಯ ಪಾತ್ರೆಗಳು ಗಲಗಲ ಎನ್ನುತ್ತವೆ, ಜನ ಕೇಕೆ ಹಾಕುತ್ತಾರೆ. ಇವನು ಹೊಗೆ ಬಿಡುತ್ತಾನೆ. ಹಠ ಅಂದರೆ ಹಠ.

ಅವನಪ್ಪನ ಗುಡಿಸಲು ಇದ್ದದ್ದು ಸರೋವರದಾಚೆ, ಈಗ ರಾಕೆಟ್ ಹಾರಿಸುವ ದ್ವೀಪದಲ್ಲೇ. ರಾಕೆಟ್ಟಿಗೆ ಜಾಗ ಬೇಕೆಂದಾಗ ಅಪ್ಪ ಗಂಟುಮೂಟೆ ಕಟ್ಟಿಕೊಂಡು ಈಚೆ ದಡಕ್ಕೆ ಬಂದ. ಇಲ್ಲಿ ಬಂದವರಿಗೆಲ್ಲ ಸರೋವರ ತೆರೆದಿರುವುದಿಲ್ಲ. ಸಿಗಡಿ ಬೀಳುವ ಜಾಗಗಳು ಬೆರಳೆಣಿಕೆಯಷ್ಟು. ಸರದಿ ಪಟ್ಟಿಯಲ್ಲಿ ಹೆಸರಿದ್ದವನು ಮಾತ್ರ ತನ್ನ ದಿನ ಬಂದಾಗ ಅಲ್ಲಿ ಗೂಟ ನೆಟ್ಟು ಬಲೆ ಕಟ್ಟಬಹುದು. ಒಂದು ಹೆಸರು ಹೋಗದೆ ಇನ್ನೊಂದು ಸೇರುವುದಿಲ್ಲ. ಅಪ್ಪ ಹನ್ನೊಂದು ವರ್ಷ ಕಂಡವರ ದೋಣಿ ತೊಳೆದು ಆ ಪಟ್ಟಿಗೆ ಸೇರಿದ, ಅವನ ನಂತರ ಆ ಸಾಲು ದೇಸಪ್ಪನದಾಯಿತು. ಮಕ್ಕಳಿಲ್ಲ, ಹೊಲವಿಲ್ಲ. ಇರುವುದು ಅದೊಂದು ಸಾಲು.

ಈ ವರ್ಷ ಅದಕ್ಕೂ ಕುತ್ತು ಬಂತು. ರಾಕೆಟ್ ಹಾರುವ ದಿನ ದಿಬ್ಬಕ್ಕೆ ದಾಟುವ ಜಾಗ ಬಿಟ್ಟು ಬೇರೆಲ್ಲೂ ಯಾರೂ ನೀರಿಗೆ ಇಳಿಯಬಾರದೆಂದು ಅಪ್ಪಣೆ. ದೇಸಪ್ಪನ ಎರಡು ಸರದಿ ಹಾಗೇ ಹೋಗಿದ್ದವು. ಸತತ ಮೂರು ಸರದಿ ತಪ್ಪಿದವನ ಹೆಸರು ಹೊಡೆದುಹಾಕಬೇಕು ಎಂಬುದು ಊರಿನ ಕಟ್ಟಳೆ. ಮೂರನೆಯದು ಗುರುವಾರ. ಗುರುವಾರ ಸಂಜೆಯೇ ಮತ್ತೊಂದು ರಾಕೆಟ್ ಎಂದು ತಿಳಿದಾಗ ಅವನು ನೆಟ್ಟಗೆ ಊರ ಯಜಮಾನ ಏಕಾಂಬರನ ಮನೆಗೆ ಹೋದ.

"ನಾನೇನು ಕುಡಿದು ಬಿದ್ಕೊಂಡಿದ್ನಾ? ಅವ್ರು ನೀರಿಗೇ ಬಿಡ್ಲಿಲ್ಲ!"

"ಕಟ್ಟಳೆ ಕಾರಣ ಕೇಳಲ್ಲ ದೇಸಪ್ಪ," ಎಂದ ಏಕಾಂಬರ, ಎಲೆಗೆ ಸುಣ್ಣ ಸವರುತ್ತ. "ಹೊತ್ತು ಮುಳುಗೋದ್ರೊಳಗೆ ಬಲೆ ನೀರಲ್ಲಿರ್ಬೇಕು. ಅಷ್ಟೇ."

"ಅಳಿಯನಿಗೆ ಜಾಗ ಮಾಡ್ಕೊಡೋಕೆ ರಾಕೆಟ್ಟೇ ಬೇಕಾಯ್ತಾ ನಿಂಗೆ?"

ಮಾತು ಕೆಟ್ಟದ್ದಾದರೂ ಸುಳ್ಳಲ್ಲ. ಪಟ್ಟಿಗೆ ಕಾಯುವವರಲ್ಲಿ ಮೊದಲನೆಯವನು ಏಕಾಂಬರನ ಮನೆಯಳಿಯ ತಣಿಕಾಚಲ. ಮೂರು ಹೆಣ್ಣುಮಕ್ಕಳ ತಂದೆ, ಎಂಟು ವರ್ಷದಿಂದ ಕಾಯುತ್ತಿದ್ದ. ಅಲ್ಲಿಯವರೆಗೆ ಹೊಟ್ಟೆಪಾಡಿಗೆ ರಾಕೆಟ್ ನೋಡಲು ಬಂದವರನ್ನು ದೋಣಿಯಲ್ಲಿ ದಿಬ್ಬದ ಕಡೆ ದಾಟಿಸುತ್ತಿದ್ದ. ದೇಸಪ್ಪ ಅವನನ್ನು ಹೆಸರು ಹಿಡಿದು ಕರೆದವನೇ ಅಲ್ಲ. ಕರೆದರೆ "ಹೊರಗಿನವನೇ" ಎನ್ನುತ್ತಿದ್ದ.

ಗುರುವಾರ ಮಧ್ಯಾಹ್ನಕ್ಕೇ ಚೆನ್ನೈ ಕಡೆಯ ಕಾರುಗಳು ಬಲೆ ಒಣಗಿಸುವ ಬಯಲನ್ನೆಲ್ಲ ತುಂಬಿದವು. ದೇಸಪ್ಪ ದೋಣಿಯಲ್ಲಿ ಗೂಟಗಳನ್ನು ಹೇರಿಕೊಂಡು ಪೊಲೀಸರು ಕಟ್ಟಿದ ಹಗ್ಗದ ಈಚೆ ಕಾದು ಕೂತಿದ್ದ. ಕಪ್ಪು ಕನ್ನಡಕದ ಒಬ್ಬ ಬಂದು ಮೊಬೈಲು ಎತ್ತಿ ಹಿಡಿದ.

"ಅಂಕಲ್, ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ? ಅಡ್ಡ ಬರ್ತೀರಿ."

"ಐವತ್ತು ವರ್ಷದಿಂದ ಅದು ನಂಗೆ ಅಡ್ಡ ಬಂದಿದೆ. ಒಂದಿನ ನಾನೂ ಬರ್ತೀನಿ, ಕೂತ್ಕೋ!"

ನಾಲ್ಕೂವರೆಗೆ ದಿಬ್ಬದ ಮೇಲೆ ಗೊಣಗಾಟ ಎದ್ದಿತು. ಮೇಲಿನ ಗಾಳಿ ಸರಿಯಿಲ್ಲವಂತೆ, ಇವತ್ತು ಹಾರಿಸುವುದಿಲ್ಲವಂತೆ. ಜನ ಮುಖ ಸಪ್ಪೆ ಮಾಡಿಕೊಂಡು ಕಾರು ಹುಡುಕತೊಡಗಿದರು. ಪೊಲೀಸರು ಹಗ್ಗ ಬಿಚ್ಚಿದರು. ಹೊತ್ತು ಮುಳುಗಲು ಇನ್ನೊಂದೂವರೆ ಗಂಟೆಯಿತ್ತು.

ಆದರೆ ಗೂಟದ ಬಲೆ ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ದೇಸಪ್ಪನ ಜೊತೆಗಾರ ಇವತ್ತು ಹೇಗೂ ಕೆಲಸವಿಲ್ಲವೆಂದು ಪೊನ್ನೇರಿಗೆ ಮದುವೆಗೆ ಹೋಗಿದ್ದ. ಇಂಥ ಹೊತ್ತಿಗೆಂದೇ ಅಲ್ಲಿ ಒಂದು ಪದ್ಧತಿಯಿದೆ. ಸರದಿಯವನು ಮೊಣಕಾಲುದ್ದ ನೀರಲ್ಲಿ ನಿಂತು ಒಬ್ಬನ ಹೆಸರನ್ನು ಮೂರು ಸಲ ಕೂಗಿದರೆ, ಕರೆಸಿಕೊಂಡವನು ಬರಲೇಬೇಕು. ಬರದವನ ಹೆಸರು ಪಟ್ಟಿಯಲ್ಲಿದ್ದರೆ ಹೋಗುತ್ತದೆ, ಇಲ್ಲದಿದ್ದರೆ ಎಂದೂ ಸೇರುವುದಿಲ್ಲ. ದಡದಲ್ಲಿ ನಾಲ್ಕೈದು ಮಂದಿ ಇದ್ದರು, ಯಾರನ್ನು ಕರೆದರೂ ನಡೆಯುತ್ತಿತ್ತು. ದೇಸಪ್ಪ ನೀರಿಗಿಳಿದು, ಊರಿಗೆಲ್ಲ ಕೇಳುವಂತೆ, ಜನ್ಮದಲ್ಲಿ ಮೊದಲ ಬಾರಿ ಆ ಹೆಸರನ್ನು ಕೂಗಿದ.

"ತಣಿಕಾಚಲಾ! ತಣಿಕಾಚಲಾ! ತಣಿಕಾಚಲಾ!"

ತಣಿಕಾಚಲ ಆಗತಾನೇ ಜನರನ್ನು ಇಳಿಸಿ ದೋಣಿ ಕಟ್ಟುತ್ತಿದ್ದ. ಅವನ ಮುಖ ಕಪ್ಪಿಟ್ಟಿತು. ದಡದಲ್ಲಿ ನಿಂತಿದ್ದ ಮಾವನ ಕಡೆ ನೋಡಿದ. ಏಕಾಂಬರ ತಲೆ ತಗ್ಗಿಸಿದ.

"ಬೇಕಂತಲೇ ಕರೆದ್ರಿ," ಎಂದ ತಣಿಕಾಚಲ, ದೇಸಪ್ಪನ ದೋಣಿ ಹತ್ತುತ್ತ.

"ಬೇಕಂತಲೇ. ಗಳ ಹಿಡಿ."

ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಜಾಲಾಡಿದರು. ಜಾಗ ಬಂದೊಡನೆ ನೀರಿಗಿಳಿದರು. ಎದೆಮಟ್ಟದ ನೀರಲ್ಲಿ ತಣಿಕಾಚಲ ಗೂಟ ನೆಟ್ಟು ಬಲೆ ಬಿಗಿಯುತ್ತ ಹೋದ, ದೇಸಪ್ಪ ಬಲೆ ಬಿಡುತ್ತ ಹಿಂದೆ ಹೋದ. ಇವನು ಎಲ್ಲಾದರೂ ಸಡಿಲ ಬಿಟ್ಟಾನೆಂದು ದೇಸಪ್ಪ ಪ್ರತಿ ಗಂಟನ್ನೂ ಎಳೆದೆಳೆದು ನೋಡಿದ. ಒಂದೂ ಜಗ್ಗಲಿಲ್ಲ. ತಾನು ಕಟ್ಟಿದ್ದರೂ ಅಷ್ಟು ಬಿಗಿ ಬರುತ್ತಿರಲಿಲ್ಲ. ಬೈಯಲು ಏನೂ ಸಿಗದೆ ಅವನಿಗೆ ಮತ್ತಷ್ಟು ಸಿಟ್ಟು ಬಂತು.

ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಕೊನೆಯ ಗೂಟ ನೆಲ ಕಚ್ಚಿತು. ದಡದಿಂದ ಏಕಾಂಬರ ಕೈಯೆತ್ತಿದ. ಬಲೆ ನೀರಲ್ಲಿದೆ, ಹೆಸರು ಉಳಿಯಿತು. ದೇಸಪ್ಪ ಗೆದ್ದೆನೆಂದು ಮೀಸೆ ಒರೆಸಿಕೊಂಡ.

ತಣಿಕಾಚಲ ದೋಣಿಯ ಅಂಚು ಹಿಡಿದು ನೀರಲ್ಲೇ ನಿಂತಿದ್ದ. ಅಂಗೈ ಸಿಗಿದು ರಕ್ತ ಬರುತ್ತಿತ್ತು.

"ದೇಸಪ್ಪ ಮಾವ, ಒಂದು ಮಾತು. ಇನ್ನೆಷ್ಟು ವರ್ಷ ಬದುಕ್ತೀರಿ?"

"ನಿನ್ನ ಹೊಟ್ಟೆ ಉರಿಸೋಕಾದ್ರೂ ನೂರು ವರ್ಷ!"

ತಣಿಕಾಚಲ ಮೇಲೆ ಹತ್ತಿ ಗಳ ಎತ್ತಿಕೊಂಡ.

"ಸರಿ. ಹೆಂಡ್ತಿಗೆ ಹೇಳ್ತೀನಿ. ಎಂಟು ವರ್ಷದಿಂದ ದಿನಾ ಬೆಳಗ್ಗೆ, ನಿಮ್ಮ ಮನೆ ಕಡೆಯಿಂದ ಸಾವಿನ ಅಳು ಕೇಳುತ್ತಾ ಅಂತ ಕಿವಿಗೊಟ್ಟೇ ಏಳ್ತಾಳೆ ಅವಳು. ಇನ್ಮೇಲೆ ಸುಮ್ನೆ ಮಲಗು ಅಂತೀನಿ."