ಆ ಚಳಿಗಾಲ ತುಳಿದದ್ದು ನಾನಲ್ಲ

ಶ್ರೀಪಾದರೇ, ಆ ಚಳಿಗಾಲದ ಶನಿವಾರಗಳಲ್ಲಿ ನಿಮ್ಮ ಪಕ್ಕ ಸೈಕಲ್ ತುಳಿದವನು ನಾನಲ್ಲ. ತುಳಿದವಳು ನನ್ನ ಹೆಂಡತಿ ಸುಮಾ. ನಾನು ಮಹಡಿಯ ಮೇಲೆ ಹೊದ್ದು ಮಲಗಿರುತ್ತಿದ್ದೆ.

ಹೊರಗೆ ಚಳಿಯೆಂದು, ಮನೆಯೊಳಗೇ ಸೈಕಲ್ ತುಳಿಯುವ ಆ ಯಂತ್ರವನ್ನು ನನ್ನಿಂದ ಕೊಳ್ಳಿಸಿದವರೇ ನೀವು. ಹಿಂದಿನ ಚಕ್ರ ಕಳಚಿ ಸೈಕಲ್ಲನ್ನು ಅದಕ್ಕೆ ಸಿಕ್ಕಿಸಿ ತುಳಿದರೆ, ಪರದೆಯ ಮೇಲೆ ನಮ್ಮ ಹೆಸರಿನ ಬೊಂಬೆ ಓಡುತ್ತದೆ. ನೀವು ಕ್ಯಾರಿ ಊರಿನ ನಿಮ್ಮ ಗರಾಜಿನಲ್ಲಿ, ನಾನು ಪಕ್ಕದೂರು ಏಪೆಕ್ಸಿನ ನಮ್ಮ ಗರಾಜಿನಲ್ಲಿ. ಪರದೆಯ ಮೇಲೆ ಮಾತ್ರ ಜೊತೆ ಜೊತೆ. ಫೋನಿನಲ್ಲಿ ಮಾತು. ಎರಡೇ ವಾರಕ್ಕೆ ನನಗೆ ಬೇಸರ ಬಂತು — ಎಷ್ಟು ತುಳಿದರೂ ಎದುರಿಗೆ ಅದೇ ವಾಟರ್ ಹೀಟರು. ಸುಮಾಗೆ ವ್ಯಾಯಾಮ ಬೇಕಿತ್ತು. "ನನ್ನ ಹೆಸರಲ್ಲೇ ಹೊಡಿ" ಎಂದೆ. ಫ್ಯಾನಿನ ಸದ್ದು ಜಾಸ್ತಿ, ಮೈಕ್ ಮ್ಯೂಟ್ ಮಾಡಿರುತ್ತೇನೆ ಎಂದು ನಿಮಗೊಂದು ಮೆಸೇಜ್ ಹಾಕಿದೆ.

ನೀವು ಮನಸ್ಸು ಬಿಚ್ಚುತ್ತೀರೆಂದು ನನಗೆ ಹೇಗೆ ಗೊತ್ತಾಗಬೇಕಿತ್ತು — ಇಲ್ಲ, ಗೊತ್ತಿತ್ತು. ಸುಮಾ ಹೇಳಿದ್ದಳು. "ರೀ, ಅವ್ರು ಮನೆ ವಿಷಯ ಎಲ್ಲ ಹೇಳ್ಕೋತಾರೆ. ಕೇಳೋಕೆ ಸಂಕೋಚ ಆಗತ್ತೆ. ನೆಕ್ಸ್ಟ್ ವೀಕ್ ನೀವೇ ರೈಡ್ ಮಾಡಿ." ಆಗಲಿ ಎಂದೆ. ಮುಂದಿನ ವಾರವೂ ನಿದ್ದೆಯೇ ಗೆದ್ದಿತು.

ಯುಗಾದಿ ಊಟದ ದಿನ ನೀವು ಎಲ್ಲರೆದುರು ನನ್ನ ಹೆಗಲ ಮೇಲೆ ಕೈಯಿಟ್ಟಿರಿ. "ಇವ್ರು ನೋಡ್ರಿ, ನಡುವ ಒಂದ್ ಮಾತೂ ಆಡಲಾರದ ಪೂರ್ತಿ ಕೇಳಿದ್ರು. ಹಿಂಗ ಕೇಳೋರು ಎಲ್ಲೆ ಸಿಗ್ತಾರ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನಗೆ ಅದಕ್ಕೂ ಜಾಗವಿರಲಿಲ್ಲ, ಅಲ್ಲಿ ನಿಮ್ಮ ಕೈಯಿತ್ತು. ಆಮೇಲೆ ದನಿ ತಗ್ಗಿಸಿ ಕೇಳಿದಿರಿ: "ನಾ ಮಾಡಿದ್ದ ನಿರ್ಧಾರ ಬರೋಬ್ಬರಿ ಅದನೋ ಇಲ್ಲೋ? ನೀವ ಹೇಳ್ರಿ."

ಯಾವ ನಿರ್ಧಾರ ಎಂದು ಕೇಳಬಹುದಿತ್ತು. ಕೇಳಿದ್ದರೆ ಬಣ್ಣ ಬಯಲಾಗುತ್ತಿತ್ತು.

"ಸರಿಯಾಗೇ ಇದೆ ಬಿಡಿ" ಎಂದುಬಿಟ್ಟೆ.

ಪಕ್ಕದಲ್ಲೇ ಇದ್ದು ಕೇಳಿಸಿಕೊಂಡಿದ್ದ ಸುಮಾ ಮನೆಗೆ ಮರಳುವಾಗ ಕಾರಿನಲ್ಲಿ ಕೇಳಿದಳು. "ಯಾವ್ದಕ್ಕೆ ಸರಿ ಅಂದ್ರಿ, ಗೊತ್ತಾ? ಯಾವ್ದೋ ಹಳೇ ಜಗಳಕ್ಕೆ, ಅಟ್ಲಾಂಟಾದಲ್ಲಿ ತಮ್ಮನ ಮಗಳ ಮದುವೆಗೇ ಹೋಗಲ್ವಂತೆ. ಒಳಗೊಳಗೆ ಆಸೆ ಇತ್ತು ಅವ್ರಿಗೆ. ಯಾರಾದ್ರೂ ಹೋಗಿ ಅಂದಿದ್ರೆ ಸಾಕಿತ್ತು."

ಮದುವೆಗೆ ಇನ್ನೂ ದಿನಗಳಿದ್ದವು. ನಿಮಗೊಂದು ಫೋನ್ ಮಾಡಬಹುದಿತ್ತು — ಮಾಡಲಿಲ್ಲ. ಮಾಡಿದರೆ ಮೊದಲು ಇದನ್ನೆಲ್ಲ ಹೇಳಬೇಕಿತ್ತು. ನಿಮ್ಮ ತಮ್ಮನಿಗಿಂತ ನನಗೆ ನನ್ನ ಮಾನವೇ ದೊಡ್ಡದಾಯಿತು. ನಾಚಿಕೆಯಾಗುತ್ತದೆ.

ಮದುವೆಯ ದಿನ ನೀವು "ಹೊರಗ ಹೋಗೋಣ ಬರ್ರಿ" ಎಂದು ಕರೆದಿರಿ. ಪೈನ್ ಮರಗಳ ನಡುವಿನ ದಾರಿಯಲ್ಲಿ ಮೊದಲ ಸಲ ನಾವು ನಿಜಕ್ಕೂ ಜೊತೆಯಲ್ಲಿ ತುಳಿದೆವು. ನಡುವೆ ಒಮ್ಮೆ ನಿಂತು, ಯಾರೋ ಕಳಿಸಿದ ಧಾರೆಯ ಫೋಟೋ ನೋಡಿ, ಫೋನನ್ನು ಮತ್ತೆ ಜೇಬಿಗಿಟ್ಟಿರಿ. ಕೇಳಲು ನಾನು ಪಕ್ಕದಲ್ಲೇ ಇದ್ದೆ. ನೀವು ಏನೂ ಹೇಳಲಿಲ್ಲ.

ಈಗ ಮತ್ತೆ ಚಳಿ ಬಂದಿದೆ. "ನಾಳೆ ಏಳಕ್ಕ?" ಎಂದು ನಿಮ್ಮ ಮೆಸೇಜ್ ಬಂದಿದೆ. ನಾಳೆ ಯಂತ್ರ ಹತ್ತುವುದಿಲ್ಲ. ನಿಮ್ಮ ಗರಾಜಿನ ಬಾಗಿಲಿಗೇ ಬರುತ್ತೇನೆ. ಇದನ್ನೆಲ್ಲ ಹೇಳುತ್ತೇನೆ — ಅಂದು ನಾನು ಹೇಳಿದ್ದು ಸರಿಯಲ್ಲ, ತಮ್ಮನಿಗೆ ಫೋನ್ ಮಾಡಿ ಎನ್ನುವುದನ್ನೂ. ಆಮೇಲೆ ನೀವು ಏನೇ ಅನ್ನಿ, ನಡುವೆ ಒಂದು ಮಾತೂ ಆಡದೆ ಪೂರ್ತಿ ಕೇಳುತ್ತೇನೆ.