ಅತ್ತೆ ಹೊಳೆಗೆ ಬಿಡದ ಪೆಟ್ಟಿಗೆಗಳು

ನನ್ನ ಸೋದರತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಬಿಗಿದುಕೊಂಡ ಮುಚ್ಚಳಗಳ ಸಂದಿಗೆ ತೂರಿಸಿ ಮೀಟಿ ಮೀಟಿ ಹಾಗಾಗಿತ್ತು. ಆ ಸೀಳಿನಲ್ಲಿ ಹಿತ್ತಾಳೆ ತಿಕ್ಕಿದ ಹುಣಸೆಹಣ್ಣಿನ ಕಪ್ಪು ಸದಾ ಕೂತಿರುತ್ತಿತ್ತು. ಮದುವೆ ಮನೆಯಲ್ಲಿ ಯಾರಾದರೂ ಅದಕ್ಕೊಂದಿಷ್ಟು ಬಣ್ಣ ಹಚ್ಚಬಾರದೇ ಅಂದರೆ, "ಇದು ನನ್ನ ಸ್ಕ್ರೂಡ್ರೈವರ್. ಸ್ಕ್ರೂಡ್ರೈವರಿಗೆ ಯಾರರೆ ಬಣ್ಣ ಹಚ್ತಾರೇನು?" ಎನ್ನುತ್ತಿದ್ದಳು.

ಇಳಕಲ್ಲಿನ ಅವಳ ಮನೆ ತುಂಬ ಹಳೆಯ ಪೆಟ್ಟಿಗೆ, ಡಬ್ಬಿ. ಅಣೆಕಟ್ಟಿನ ಹಿನ್ನೀರಿನ ಮುಳುಗಡೆಯ ಕಾಲಕ್ಕೆ ಬಾಗಲಕೋಟೆಯ ಹಳೇ ಮನೆಗಳನ್ನು ಖಾಲಿ ಮಾಡುವಾಗ ಜನ ಬೇಡವೆಂದು ಬಿಟ್ಟದ್ದನ್ನೆಲ್ಲ ಆರಿಸಿ ತಂದಿದ್ದಳಂತೆ. ಒಂದಕ್ಕೂ ಗಾಜಿನ ಕಪಾಟಿನ ಭಾಗ್ಯವಿರಲಿಲ್ಲ. ನವಿಲಿನ ಮುಚ್ಚಳದ ಎಲೆಅಡಿಕೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ. ಅತ್ತರದಾನಿಯಲ್ಲಿ ಅವಳ ಗಂಡ, ನಮ್ಮ ಮಾಮಾನ ಬಿ.ಪಿ. ಗುಳಿಗೆ. ದಂತದ ಹೂ ಕೂರಿಸಿದ ಕರಿಮರದ ಪೆಟ್ಟಿಗೆಯಲ್ಲಿ ಟಿ.ವಿ. ರಿಮೋಟು, ಗ್ಯಾಸಿನ ಪುಸ್ತಕ, ಮೂರು ಕೆಟ್ಟ ಚಾರ್ಜರು.

ಒಮ್ಮೆ ಹಳೆ ಸಾಮಾನು ಹುಡುಕಿಕೊಂಡು ಊರೂರು ತಿರುಗುವ ಪೇಟೆಯ ಮನುಷ್ಯನೊಬ್ಬ ಬಂದಿದ್ದ. ಡಬ್ಬಿಯಲ್ಲಿ ಸಾಸಿವೆ ಕಂಡು ಮುಖ ಕಿವುಚಿದ.

"ಇಂಥಾದನ್ನ ಬಳಸಬಾರದು ತಾಯಿ. ಹಾಳಾಗ್ತದೆ."

"ಬಳಸದಿದ್ರ ಏನಾಗ್ತದ್ರಿ?"

"ಹಾಗೇ ಉಳಿಯುತ್ತೆ."

"ಹಂಗ ಉಳಿದವರು ನಮ್ಮ ಬಳಗದಾಗ ಭಾಳ ಮಂದಿ ಅದಾರ. ಚಾ ಕುಡದು ಹೋಗ್ರಿ."

ಬಳಗದಲ್ಲಿ ಹಾಗೇ ಉಳಿದವರು ಯಾರೆಂದು ಅವನಿಗೆ ತಿಳಿಯಲಿಲ್ಲ. ನನಗೆ ತಿಳಿದಿತ್ತು, ಕಿಟಕಿಯ ಕೆಳಗಿನ ಸಾಲು ಅವರದೇ. ಅಲ್ಲಿದ್ದವು ಎಂಟು ಕನ್ನಡಿ ಪೆಟ್ಟಿಗೆಗಳು. ಮುಚ್ಚಳ ಎತ್ತಿದರೆ ಒಳಮೈಗೆ ಕನ್ನಡಿ. ಕೆಳಗೆ ತಲೆ ಬಾಚುವ ಹಣಿಗೆ, ಹಣೆಗೆ ಹಚ್ಚುವ ಮೇಣ, ಕುಂಕುಮ, ಕಾಡಿಗೆ ಇಡಲು ಪುಟ್ಟ ಗೂಡು. ನಮ್ಮ ಬಳಗದ ಮನೆಗಳಲ್ಲಿ ಬಂದ ಸೊಸೆಗೆ ಹಳೆಯ ತಲೆಮಾರಿನ ಇಂಥದೊಂದು ಪೆಟ್ಟಿಗೆ ಕೊಡುತ್ತಾರೆ. ಗಂಡ ತೀರಿಕೊಂಡ ದಿನ ಅದರ ಮುಚ್ಚಳ ಹಾಕಿ ಹೊಳೆಗೆ ಬಿಡಿಸುತ್ತಾರೆ. ಬಿಡಬೇಕಾದವಳು ಮನೆಮಗಳು, ಅಂದರೆ ಸತ್ತವನಿಗೆ ವರಸೆಯಲ್ಲಿ ಅಕ್ಕ ಅಥವಾ ತಂಗಿಯಾಗುವವಳು, ಮತ್ತು ಅವಳು ಮುತ್ತೈದೆಯಾಗಿರಬೇಕು. ಬಳಗದಲ್ಲಿ ಆ ಕೆಲಸಕ್ಕೆ ಎಲ್ಲರೂ ಕರೆಯುತ್ತಿದ್ದುದು ನನ್ನ ಅತ್ತೆಯನ್ನು.

ಮೊದಲ ಸಲ ಹೋದದ್ದು ಅಣ್ಣನ ವರಸೆಯವನೊಬ್ಬನ ಹೆಂಡತಿಯ ಪೆಟ್ಟಿಗೆ ಹಿಡಿದು, ಆಗ ಅವಳಿಗೆ ಹತ್ತೊಂಬತ್ತು. "ಹೊಳಿ ದಂಡಿಗೆ ಕುಂತು ಮುಚ್ಚಳ ತಗದೆ ನೋಡವಾ. ಹಣಗ್ಯಾಗ ವೈನಿ ಕೂದಲ ಸಿಕ್ಕಿತ್ತು. ಆಕಿ ಇನ್ನೂ ಮನ್ಯಾಗ ಉಸರಾಡಾಕತ್ತಾಳ, ಆಕಿ ಕೂದಲ ನಾ ನೀರಿಗೆ ಹೆಂಗ ಬಿಡ್ಲಿ?" ಸೆರಗಿನಡಿ ಮುಚ್ಚಿಕೊಂಡು ಮನೆಗೆ ತಂದಳು. ಬಿಟ್ಟು ಬಂದೆ ಎಂದು ಎಲ್ಲರಿಗೂ ಸುಳ್ಳು ಹೇಳಿದಳು. ಮುಂದೆ ಒಂದರ ಹಿಂದೆ ಒಂದು ಎಂಟಾದವು, ಅತ್ತೆಯ ಸ್ವಂತದ ಪೆಟ್ಟಿಗೆ ಬಿಟ್ಟು. ಆ ಎಂಟೂ ಮಂದಿ ಹೆಣ್ಣುಮಕ್ಕಳು ಸೀರೆ ತರುವ ನೆಪದಲ್ಲಿ ಇಳಕಲ್ಲಿಗೆ ಬರುತ್ತಿದ್ದರು. ಮಧ್ಯಾಹ್ನ ಬಾಗಿಲು ಹಾಕಿ ತಮ್ಮ ತಮ್ಮ ಪೆಟ್ಟಿಗೆಯ ಮುಂದೆ ಕೂತು ತಲೆ ಬಾಚಿ ಕುಂಕುಮ ಹಚ್ಚಿಕೊಳ್ಳುತ್ತಿದ್ದರು, ಒಬ್ಬರನ್ನೊಬ್ಬರು ಚೇಷ್ಟೆ ಮಾಡುತ್ತಿದ್ದರು. ಸಂಜೆ ಹಣೆ ಒರೆಸಿಕೊಂಡು ಬಸ್ಸು ಹತ್ತುತ್ತಿದ್ದರು.

ಆ ಒರೆಸಿಕೊಳ್ಳುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಆಗ ಕಾಲೇಜಿನಲ್ಲಿದ್ದೆ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಬಿಸಿ ಇತ್ತು. ನೇರವಾಗಿ ಕೇಳಿದೆ.

"ಅತ್ತಿ, ನೀ ಮಾಡೋದು ಅರ್ಧ ಕೆಲಸ. ವಿರೋಧ ಮಾಡಾಕಿ ಆ ಮನ್ಯಾಗ ನಿಂತು ಒಲ್ಲೆ ಅನಬೇಕು. ಕದ್ದು ತಂದು ಕೂಡಿಡೋದು ವಿರೋಧ ಅಲ್ಲ, ಹವ್ಯಾಸ. ಮ್ಯಾಲ ನಿನ್ನ ಗಂಡ ಜೀವಂತ ಅದಾನ. ನಿನಗ ಇದೆಲ್ಲ ಸಸಾರ."

ಅತ್ತೆ ಹುಣಸೆಹಣ್ಣಿನ ಉಂಡೆ ಕೆಳಗಿಟ್ಟಳು.

"ಖರೆ ಅಂದಿ ವಕೀಲಮ್ಮ," ಎಂದಳು.

ಎದುರಾಳಿ ಹೀಗೆ ಒಪ್ಪಿಬಿಟ್ಟರೆ ಮುಂದೇನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಎರಡು ವರ್ಷಕ್ಕೆ ಅಪ್ಪ ಹೋದ. ಬಾಗಲಕೋಟೆಯ ನಮ್ಮ ಮನೆಯ ಪಡಸಾಲೆಯಲ್ಲಿ ಬಳಗವೆಲ್ಲ ನೆರೆದಿತ್ತು. ದೊಡ್ಡಪ್ಪ ಅವ್ವನ ಪೆಟ್ಟಿಗೆ ತರಿಸಿದ. ಅವನು ನಿಂತಿದ್ದು ಬಸವಣ್ಣನ ಫೋಟೋದ ಕೆಳಗೇ. ಇದನ್ನು ನಾನು ಬಣ್ಣ ಹಚ್ಚಿ ಹೇಳುತ್ತಿಲ್ಲ, ಪಡಸಾಲೆಯ ಆ ಗೋಡೆಗೇ ಫೋಟೋ ಇರುವುದು.

"ಏಳವಾ, ಇದನ್ನ ತಗೊಂಡು ನಡಿ," ಎಂದ ಅತ್ತೆಗೆ.

ಅತ್ತೆ ಪೆಟ್ಟಿಗೆ ಎತ್ತಿಕೊಂಡಳು. ಬಾಗಿಲಿಗೆ ಹೋಗಲಿಲ್ಲ. ಅವ್ವನ ಮುಂದೆ ಇಟ್ಟು ಮುಚ್ಚಳ ತೆರೆದಳು.

"ಒಲ್ಲೆ ಅಣ್ಣಾ."

"ಮಂದಿ ಅದಾರ. ಸುಮ್ನಿರು."

"ಮಂದಿ ಇದ್ದಾಗ ಹೇಳಬೇಕಂತಲೇ ಹೇಳಾಕತ್ತೇನಿ. ಎಂಟು ಪೆಟ್ಟಿಗಿ ಹೊಳಿಗೆ ಬಿಟ್ಟೇನಿ ಅಂದಿದ್ದು ಸುಳ್ಳು. ಎಂಟೂ ನನ್ನ ಮನ್ಯಾಗ ಅದಾವು. ಇದು ಮಾತ್ರ ಎಲ್ಲಿಗೂ ಹೋಗಂಗಿಲ್ಲ, ಇಲ್ಲೇ ಇರ್ತದ."

ಪಡಸಾಲೆ ಕದಡಿಹೋಯಿತು. ಮನೆ ಮುಳುಗಿಸಿದಿ ಅಂದರು, ನಿನ್ನ ಗಂಡನ ಆಯುಷ್ಯ ನೆನಸು ಅಂದರು. ಅರ್ಧ ಕೆಲಸ ಎಂದು ಅವಳನ್ನು ಹಂಗಿಸಿದ್ದ ನಾನು ಏನು ಮಾಡಿದೆ? ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದೆ. ಒಂದು ಮಾತು ಹೊರಡಲಿಲ್ಲ. ಅಪ್ಪ ಹೋದ ದುಃಖ ಎಂದು ಆಮೇಲೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅದು ದುಃಖವಲ್ಲ, ಹೆದರಿಕೆ.

ಆ ದಿನದಿಂದ ಅತ್ತೆಗೆ ತವರಿನ ಹಬ್ಬದ ಕರೆ ನಿಂತಿತು. ಅವಳು ಕರೆಯದೆಯೇ ಬರುತ್ತಿದ್ದಳು, ನಮ್ಮ ಮನೆಗೆ. ಪೆಟ್ಟಿಗೆಯೇನೋ ಉಳಿದಿತ್ತು, ಆದರೆ ಅವ್ವ ಕನ್ನಡಿಯ ಮೇಲೆ ಟವೆಲ್ ಹಾಕಿ ಕೈಯಂದಾಜಿನಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು. ಅತ್ತೆ ಬಂದವಳೇ ತನ್ನ ಕೈಯಾರೆ ಟವೆಲ್ ತೆಗೆಯುತ್ತಿದ್ದಳು. ಅತ್ತೆ ಹೋದ ಮೇಲೆ ಅವ್ವ ಮತ್ತೆ ಹೊದಿಸುತ್ತಿದ್ದಳು. ಇಬ್ಬರೂ ಈ ಬಗ್ಗೆ ಜಗಳವಾಡಿದ್ದನ್ನು ನಾನು ಕಾಣೆ. "ಅವ್ವಗ ಕುಂಕುಮ ಹಚ್ಚಿಕೋ ಅಂತ ಒತ್ತಾಯ ಮಾಡು" ಎಂದು ನಾನೇ ಅತ್ತೆಯನ್ನು ತಿವಿದೆ. "ನಾ ಯಾಕ ಹೇಳ್ಲಿ? ಹಚ್ಚಿಕೋಬ್ಯಾಡ ಅನ್ನಾವರು ಅದಾರ, ಹಚ್ಚಿಕೋ ಅನ್ನಾಕಿ ಮತ್ತ ನಾನೊಬ್ಬಾಕಿ ಆಗಬೇಕೇನು? ಆಕಿ ಹಣಿ, ಆಕಿ ನೋಡ್ಕೋತಾಳ," ಅಂದಳು.

ಹೋದ ವರ್ಷ ಅತ್ತೆ ತೀರಿಕೊಂಡಳು. ಸಕ್ಕರೆ ಕಾಯಿಲೆ ಕಿಡ್ನಿಗೆ ಏರಿತ್ತು. ಮಾಮಾ ಇನ್ನೂ ಇದ್ದಾನೆ. ಹಾಗಾಗಿ ಮಣ್ಣು ಕೊಟ್ಟು ಬರುವಷ್ಟರಲ್ಲಿ ಅವಳು ಬಳಗಕ್ಕೆಲ್ಲ ಪುಣ್ಯವಂತೆಯಾಗಿಬಿಟ್ಟಿದ್ದಳು. ಮುತ್ತೈದೆಯಾಗಿ ಹೋದವಳ ಕನ್ನಡಿ ಪೆಟ್ಟಿಗೆ ಮನೆಯಲ್ಲಿದ್ದರೆ ಒಳ್ಳೆಯದಂತೆ. ಮೂರನೆಯ ದಿನ ಹುನಗುಂದದಿಂದ ಬಂದಿದ್ದ ಮಾಮಾನ ತಂಗಿ, "ಅದು ನಮ್ಮನಿ ಸೊಸಿದು, ನಮಗ ಬರಬೇಕು" ಅಂದಳು. ಅಪ್ಪ ಹೋದಂದಿನಿಂದ ಅತ್ತೆಯ ಹೊಸ್ತಿಲು ತುಳಿಯದಿದ್ದ ದೊಡ್ಡಮ್ಮ, "ತವರಿನ ಹಕ್ಕು ಐತಿ, ನನ್ನ ಮಗಳಿಗೆ ಬೇಕು" ಅಂದಳು.

ನನಗೆ ತಡೆಯಲಾಗಲಿಲ್ಲ. "ಒಂದ ಪ್ರಶ್ನೆ. ಮಾಮಾ ಒಂದು ವಾರ ಮೊದಲ ಹೋಗಿದ್ರ ಇದನ್ನ ಹೊಳಿಗೆ ಒಗೀತಿದ್ರಿ. ಈಗ ಜಗಳಾಡಿ ಬೇಡಾಕತ್ತೀರಿ. ಪೆಟ್ಟಿಗಿ ಅದ ಐತಿ, ಕನ್ನಡಿ ಅದ ಐತಿ. ಯಾರು ಮೊದಲ ಸತ್ತರು ಅನ್ನೋದನ್ನ ಬಿಟ್ರ ಏನು ಫರಕು, ಹೇಳ್ರಿ."

"ನಿನ್ನ ಭಾಷಣ ಕಾಲೇಜಿನ್ಯಾಗ ಇಟ್ಕೋ," ಎಂದ ದೊಡ್ಡಪ್ಪ.

ನನ್ನ ಬಳಿ ಇನ್ನೂ ನಾಲ್ಕು ವಾದ ಉಳಿದಿದ್ದವು. ಅಷ್ಟರಲ್ಲಿ ಅವ್ವ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಯಾರ ಮುಖವನ್ನೂ ನೋಡದೆ ಅತ್ತೆಯ ಪೆಟ್ಟಿಗೆಯ ಮುಂದೆ ಕೂತಳು. ತುರುಬು ಬಿಚ್ಚಿ ಅತ್ತೆಯ ಹಣಿಗೆಯಿಂದ ಬಾಚಿಕೊಂಡಳು, ಅವಸರವಿಲ್ಲದೆ, ತುದಿಯ ಸಿಕ್ಕನ್ನೂ ಬಿಡದೆ. ಉಂಗುರದ ಬೆರಳಿನಿಂದ ಮೇಣ ತೆಗೆದು ಹಣೆಗೆ ಹಚ್ಚಿದಳು. ಅದರ ಮೇಲೆ ಕುಂಕುಮ. ಕನ್ನಡಿಯಲ್ಲಿ ನೋಡಿ, ಸ್ವಲ್ಪ ಓರೆಯಾಗಿದ್ದನ್ನು ತಿದ್ದಿಕೊಂಡಳು.

ಹುನಗುಂದದವಳು ಸೆರಗು ಬಾಯಿಗೆ ಹಿಡಿದಳು. "ಶಿವಾ! ಇನ್ನ ಅದನ್ನ ಯಾರ ಒಯ್ತಾರ?" ಎಂದಳು ದೊಡ್ಡಮ್ಮ.

"ನೀವ್ಯಾರೂ ಒಯ್ಯಂಗಿಲ್ಲಂದ್ರ ನಾ ಒಯ್ತೇನ್ರಿ, ಅಕ್ಕಾರ," ಅಂದಳು ಅವ್ವ.

ಗಂಡ ಸತ್ತವಳು ಬಳಸಿದ ಪೆಟ್ಟಿಗೆ ಅವರಿಗೆ ಇನ್ನು ಅಪಶಕುನ. ಅವರ ನಂಬಿಕೆಯೇ ಅವರ ಕೈ ಕಟ್ಟಿತ್ತು. ನಾನು ಮಾತಿನಲ್ಲಿ ಹುಡುಕುತ್ತಿದ್ದುದನ್ನು ಅವ್ವ ಒಂದು ಹಣಿಗೆಯಲ್ಲಿ ಮುಗಿಸಿದ್ದಳು. ಅದನ್ನು ಅವಳಿಗೆ ಕಲಿಸಿದವಳು ನಾನಲ್ಲ, ಬಂದಾಗಲೆಲ್ಲ ಟವೆಲ್ ತೆಗೆಯುತ್ತಿದ್ದ ಅತ್ತೆ. ಅತ್ತೆಯ ಋಣ ನನ್ನ ಮೇಲಿರುವುದು ಹೀಗೆ.

ಬಾಗಲಕೋಟೆಯ ಬಸ್ಸಿನಲ್ಲಿ ಕಂಡಕ್ಟರ್, "ಯವ್ವಾ, ಪೆಟ್ಟಿಗಿ ಮ್ಯಾಲ ಇಡ್ರಿ" ಅಂದ. ಅವ್ವ ತೊಡೆಯ ಮೇಲೇ ಇಟ್ಟುಕೊಂಡಳು. ಹುನಗುಂದ ದಾಟಿದರೂ ಮುಚ್ಚಳ ಹಾಕಲಿಲ್ಲ.